ಏಳನೆಯ ಹೆಸರು

ಮಾತು ಬರುತ್ತಿದೆ, ಚಿತ್ರ ಇಲ್ಲ ಎಂದು ಫೋನು.
ಅರಸೀಕೆರೆ, ಸಂತೆಮಾಳದ ಹಿಂದಿನ ಬೀದಿ,
ಕೊಬ್ಬರಿ ಮಂಡಿ ಚನ್ನವೀರಪ್ಪನವರ ಮನೆ.
ಹೋದೆ. ಗೋಡೆ ತುಂಬ ಟಿವಿ, ಸ್ಕೂಲಿನ ಬೋರ್ಡಿನಷ್ಟು ಕಪ್ಪು.
ಒಳಗೆ ಯಾವಳೋ ಅತ್ತೆ ಯಾವಳೋ ಸೊಸೆಯನ್ನು
ಕತ್ತಲಲ್ಲೇ ಬೈಯುತ್ತಿದ್ದಳು.

"ಮೂರು ಸಲ ಆಫ್ ಮಾಡಿ ಆನ್ ಮಾಡಿದೆ ಕಣಯ್ಯ,
ಒಂದು ಸಲ ತಟ್ಟೂ ನೋಡಿದೆ."
ನೆತ್ತಿಗೆ ಬಡಿದರೆ ಬಣ್ಣ ಮರಳುತ್ತಿದ್ದ
ಹಳೇ ಟಿವಿ ಕಾಲದ ಕೈ ಅದು.
ಇದಕ್ಕೆ ನೆತ್ತಿಯೇ ಇಲ್ಲ.

ಹಿಂದಿನ ಕಡ್ಡಿ ಕಿತ್ತೆ. ಬೆಂದ ಗೆಣಸಿನಷ್ಟು ಬಿಸಿ.
ಉಸಿರಾಡಲಿ ಎಂದು ಗೇಣುದ್ದ ವೈರು ಕೊಟ್ಟು
ಒಂದನೇ ತೂತು ಬಿಟ್ಟು ಎರಡನೆಯದಕ್ಕೆ ಚುಚ್ಚಿದೆ.
ಮೊಮ್ಮಗ ಫೋರ್-ಕೆ ಒತ್ತಿಟ್ಟಿದ್ದ;
ಈ ಟಿವಿಗೆ ದಕ್ಕುವುದು ಸಾವಿರದ ಎಂಬತ್ತು.
ನಿಲುಕದ್ದಕ್ಕೆ ಕೈ ಚಾಚಿ ಕಣ್ಣುಕತ್ತಲೆ ಬಂದಿತ್ತು ಪಾಪ.
ಇಳಿಸಿದೆ. ಅತ್ತೆಯ ಮುಖ ಮೂಡಿತು, ಮೊದಲು ಹಸಿರಾಗಿ,
ಆಮೇಲೆ ಮನುಷ್ಯರ ಬಣ್ಣಕ್ಕೆ.

"ಅದು ಸರಿ. ರಾತ್ರಿ ಎಂಟಾದ್ರೆ ಚಕ್ರ ಸುತ್ತತೈತಲ್ಲ,
ಗಾಣದೆತ್ತಿನ ಹಂಗೆ?
ನೂರು ಎಂಬಿ ಅಂತ ದುಡ್ಡು ಕಟ್ಟೀನಿ. ನೂರೂ ಎಲ್ಲೋಯ್ತು?"

ರೂಟರು ದೇವರ ಗೂಡಿನ ಪಕ್ಕ, ಹಿತ್ತಾಳೆ ಕೊಡದ ಹಿಂದೆ,
ಆಯುಧಪೂಜೆಯ ಕುಂಕುಮ ಇನ್ನೂ ಹಣೆಯಲ್ಲಿಟ್ಟು ಕೂತಿತ್ತು.
ಕೊಡ ಸರಿಸಿದೆ.
ಮೊಬೈಲಿನಿಂದ ಅದರ ಹೊಟ್ಟೆಗಿಳಿದು
ಉಣ್ಣುತ್ತಿರುವವರ ಪಂಕ್ತಿ ಎಣಿಸಿದೆ:
ಟಿವಿ. ಯಜಮಾನರ ಫೋನು. ಅಮ್ಮನವರ ಫೋನು.
ಮಂಡಿಯ ಲ್ಯಾಪ್‌ಟಾಪು. ಗೇಟಿನ ಕ್ಯಾಮೆರಾ. ಮೊಮ್ಮಗನ ಟ್ಯಾಬು.
ಏಳನೆಯದು, ನಾಗವೇಣಿ ಟಿವಿ.

ಈ ಮನೆಯಲ್ಲಿ ನಾಗವೇಣಿ ಇಲ್ಲ.
ಪಕ್ಕದ ಮನೆಯಲ್ಲಿದ್ದಾರೆ, ತಮ್ಮನ ಹೆಂಡತಿ.
ನಡುವಿನ ಗೋಡೆಯ ಆರಿಂಚು ಯಾರದೆಂದು
ಒಂಬತ್ತು ವರ್ಷದಿಂದ ಕೋರ್ಟಿನಲ್ಲಿದೆ.

ಸರ್ವಮಂಗಳಮ್ಮನವರು ಕಾಫಿ ಹಿಡಿದು ಬಾಗಿಲಲ್ಲಿದ್ದರು.
ನಾನು ಲಿಸ್ಟು ನೋಡಿದ್ದನ್ನು ನೋಡಿದರು.
ಲೋಟ ಅಲುಗಲಿಲ್ಲ. ಕೆನೆ ಅಲುಗಿತು.

ಹದಿನೆಂಟು ವರ್ಷ ಕಂಬ ಹತ್ತಿದವನು ನಾನು.
ಕೇಬಲ್ಲಿಗೆ ಗುಂಡುಪಿನ್ನು ಚುಚ್ಚಿ ಚಿತ್ರ ಕದಿಯುವವರ
ಮನೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಜೇಬಲ್ಲಿ ಇಕ್ಕಳ.
ಒಮ್ಮೆ ಒಂದು ವಠಾರದಲ್ಲಿ, ಕ್ರಿಕೆಟ್ಟಿನ ಕೊನೇ ಓವರಿಗೆ ಕತ್ತರಿಸಿದೆ;
ಹೆಂಚಿನ ಕೆಳಗಿಂದ ಇಪ್ಪತ್ತು ಜನ ಒಟ್ಟಿಗೆ
ಅಯ್ಯೋ ಎಂದರು.
ಮರುಗಿದೆ ಅಂತೇನಿಲ್ಲ. ಒಂದು ಕಳ್ಳಲೈನಿಗೆ
ಮಾಲೀಕ ಐವತ್ತು ಕೊಡುತ್ತಿದ್ದ.
ಆ ಅಯ್ಯೋ ಮಾತ್ರ ಖರ್ಚಾಗಲಿಲ್ಲ.

"ಯಾವನಾದ್ರೂ ಕದೀತಾವ್ನೇನೋ?"
"ಇಲ್ಲ ಯಜಮಾನ್ರೇ, ಕೊಡ ಅಡ್ಡ ಇತ್ತು."
"ಯಾವುದಕ್ಕೂ ಪಾಸ್‌ವರ್ಡು ಬದಲಾಯ್ಸು."

ಬದಲಾಯಿಸಿದೆ.
ಇವರ ಟಿವಿಯನ್ನು ಐದರ ಬ್ಯಾಂಡಿಗೆ ಹತ್ತಿಸಿದೆ.
ಹತ್ತಿರದಲ್ಲಿ ಶೂರ, ಗೋಡೆ ಕಂಡರೆ ಮುದುಡುವ ಜಾತಿ ಅದು.
ಎರಡು ಪಾಯಿಂಟ್ ನಾಲ್ಕು ನಿಧಾನ; ಆದರೆ
ಇಟ್ಟಿಗೆ, ಗಾರೆ, ಕೋರ್ಟಿನ ತಡೆಯಾಜ್ಞೆ
ಯಾವುದನ್ನೂ ಲೆಕ್ಕಕ್ಕಿಡುವುದಿಲ್ಲ. ಅದನ್ನು ಹಾಗೇ ಬಿಟ್ಟೆ.
ಹೊಸ ಪಾಸ್‌ವರ್ಡನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ
ದೊಡ್ಡ ಅಕ್ಷರದಲ್ಲಿ ಬರೆದೆ,
ಕನ್ನಡಕ ಇಲ್ಲದಿದ್ದರೂ ಓದುವಷ್ಟು.
ಇನ್ನೂರೈವತ್ತು ಕೇಳಿದೆ. ಇನ್ನೂರು ಕೊಟ್ಟರು.

ಚಪ್ಪಲಿ ಮೆಟ್ಟುವಾಗ ಒಳಗೆ ಕ್ಯಾಲೆಂಡರು ಮಗುಚಿದ ಸದ್ದು.
ಬೈಕು ಹತ್ತಲಿಲ್ಲ. ಪ್ಲಗ್ಗು ಬಿಚ್ಚಿ ಬೀದಿದೀಪದ ಕೆಳಗೆ
ಉಜ್ಜುತ್ತಾ ಕೂತೆ. ಹುಬ್ಬಳ್ಳಿ ಗಾಡಿ
ಸ್ಟೇಷನ್ನಿಗೆ ನುಗ್ಗುತ್ತಾ ಊರೆಲ್ಲ ಕೂಗಿಕೊಂಡಿತು.
ಅದರ ಕೂಗು ಅಡಗಿದ ಮೇಲೆ
ಈ ಮನೆಯ ಅತ್ತೆ, "ಈ ಹೊಸ್ತಿಲು ದಾಟಬೇಡ" ಅಂದಳು.

ಎರಡು ಸೆಕೆಂಡು ಬಿಟ್ಟು
ಆ ಮನೆಯಲ್ಲೂ ಅಂದಳು.