ಸಮತಟ್ಟು

ಸೆತೂಬಲ್‌ನ ಹಳೆ ಬಂದರಿನ ಹಿಂದೆ
ಬೂತಾಯಿ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ.
ಅಳತೆಗೆ ಹೋದವಳು ನಾನು:
ಲೇಸರು, ಮೂರುಕಾಲಿನ ಸ್ಟ್ಯಾಂಡು, ತಲೆಗೆ ಹಳದಿ ಹೆಲ್ಮೆಟ್ಟು.
ಮೇಲೆ ಪಾರಿವಾಳಗಳ ಸಂಸಾರ,
ಕೆಳಗೆ ಐವತ್ತು ಮೇಜುಗಳ ಕನಸು.
ಅದು ನನ್ನದಲ್ಲ, ಲಿಸ್ಬನ್ನಿನಲ್ಲಿ ಯಾರದೋ.

ಗುಂಡಿ ಒತ್ತಿದರೆ ಕೆಂಪು ಚುಕ್ಕಿಯೊಂದು ಹೋಗಿ
ಎದುರು ಗೋಡೆಗೆ ತಾಗಿ
ನಲವತ್ತೊಂದು ಮೀಟರು ಇಪ್ಪತ್ತು ಅನ್ನುತ್ತದೆ.
ಗೋಡೆ ಏನೂ ಅನ್ನುವುದಿಲ್ಲ.
ಬೆರಳಿಟ್ಟರೆ ಉಪ್ಪು ಉದುರುತ್ತದೆ.
ನಾಲಗೆಗೆ ಇಟ್ಟು ನೋಡಿದೆ. ವರದಿಯಲ್ಲಿ ಬರೆಯಲಿಲ್ಲ.

ನಾಲ್ಕನೆಯ ದಿನ ಫೆಲಿಸ್ಮಿನಾ ಬಂದಳು.
ಇದೇನು ಅದೇನು ಅಂತ ಹೇಳುವವರು ಬೇಕೆಂದು
ಗುತ್ತಿಗೆದಾರ ವಾಲ್ದೆಮಾರನೇ ಕರೆಸಿದ್ದು,
ಅವನ ಅತ್ತೆಯ ಪಕ್ಕದ ಮನೆಯವಳು.
ಎಂಬತ್ತು ದಾಟಿದ ಹೆಂಗಸು,
ಕೊಟ್ಟ ಹೆಲ್ಮೆಟ್ಟನ್ನು ಕೈಚೀಲದಂತೆ ತೋಳಿಗೆ ಸಿಕ್ಕಿಸಿಕೊಂಡಳು.

ನೆಲದ ಈ ಕಾಲುವೆ?
ರಕ್ತಕ್ಕೆ. ಸೀದಾ ನದಿಗೆ.
ನಕ್ಷೆಯಲ್ಲಿ ಅದರ ಮೇಲೆ ಗಾಜು, ಗಾಜಿನಡಿ ನೀಲಿ ದೀಪ.
ಗೋಡೆಯ ಕೊಕ್ಕೆಗಳು?
ಶಾಲಿಗೆ. ನನ್ನದು ಅರವತ್ತೆರಡು.
ಆ ಮೂಲೆಯಲ್ಲಿ ಒಂದು ಹಗ್ಗದ ತೊಟ್ಟಿಲು ಇತ್ತು,
ಮೇಸ್ತ್ರಿ ಬಂದಾಗ ಇರುತ್ತಿರಲಿಲ್ಲ.
ಈ ಸಣ್ಣ ಕೋಣೆ?
ಅವಳು ಉತ್ತರಿಸಲಿಲ್ಲ. ಕದವಿಲ್ಲದ ಬಾಗಿಲಿಗೆ ಬೆನ್ನು ಮಾಡಿ ನಿಂತಳು.
ನಕ್ಷೆಯಲ್ಲಿ ಅದು ಧ್ಯಾನದ ಕೋಣೆ.

ಒಂದೊಂದು ಕಾರ್ಖಾನೆಗೆ ಒಂದೊಂದು ಸಿಳ್ಳೆ, ಎಂದಳು.
ದೋಣಿ ಬಂದಾಗ ಊದುವುದು, ರಾತ್ರಿ ಮೂರಾದರೂ ಸರಿ.
ನಮ್ಮದು ಯಾವುದೆಂದು ನಿದ್ದೆಯಲ್ಲೂ ಕಾಲಿಗೆ ಗೊತ್ತು,
ಚಪ್ಪಲಿ ಸಿಗುವ ಮೊದಲೇ ಬೀದಿಯಲ್ಲಿ ಇರುತ್ತಿದ್ದೆವು.
ಮೀನು ಕಾಯುವುದಿಲ್ಲ ಮಗಳೇ,
ಮಗು ಕಾಯುತ್ತದೆ.

ಆಮೇಲೆ ಹಜಾರದ ನಡುವೆ ನಡೆದು
ಎಣಿಸದೆ, ತಡವರಿಸದೆ
ಮೂರನೆಯ ಕಿಟಕಿಯ ಓರೆಗೆ ನಿಂತುಬಿಟ್ಟಳು.
ನಿಂತದ್ದಲ್ಲ, ಇಳಿದದ್ದು:
ಕಲ್ಲು ಅಲ್ಲಿ ಎರಡು ಕಡೆ ಸವೆದಿತ್ತು, ಪಾದದಗಲ,
ಎಡಗಡೆಯದು ಕೊಂಚ ಆಳ.
ಕತ್ತರಿ ಬಲಗೈಲಿ ತಾನೆ, ಭಾರ ಎಡಗಾಲಿಗೆ.
ನನ್ನೊಬ್ಬಳದೇ ಅಲ್ಲ ಇದು,
ನನಗಿಂತ ಮೊದಲು ಗ್ರಾಸಿಯೆತೆ,
ಅವಳಿಗೂ ಮೊದಲು ಮಾತು ಬಾರದವಳೊಬ್ಬಳು,
ಹೆಸರು ಯಾರೂ ಕೇಳಿರಲಿಲ್ಲ.

ನನ್ನ ಯಂತ್ರ ಹೇಳಿತು: ಹದಿನಾಲ್ಕು ಮಿಲಿಮೀಟರು ದೋಷ.

ತಾನೇ ಸಮವಾಗುವ ಗಾರೆ ಎಂದೊಂದಿದೆ.
ಗಂಜಿಯ ಹಾಗೆ ಸುರಿಯುತ್ತಾರೆ, ಅದು ಹರಿದು
ತಗ್ಗುಗಳನ್ನು ಹುಡುಕಿ ಹುಡುಕಿ ತುಂಬಿ
ಬೆಳಗಾಗುವುದರೊಳಗೆ
ಇಲ್ಲಿ ಯಾರೂ ನಿಂತೇ ಇರಲಿಲ್ಲ ಎನ್ನುವಷ್ಟು ನುಣುಪು.
ಸುರಿಯುವ ಹಿಂದಿನ ಸಂಜೆ ನಕ್ಷೆಯಲ್ಲಿ
ಆ ಜಾಗದ ಸುತ್ತ ಚೌಕ ಎಳೆದು ಬರೆದೆ:
ಅಡಿಯಲ್ಲಿ ಪೈಪು ಇದೆ, ಮುಟ್ಟಬಾರದು.
ಪೈಪು ಇರಲಿಲ್ಲ.
ಹನ್ನೊಂದು ವರ್ಷದ ಕೆಲಸದಲ್ಲಿ ಬರೆದ ಒಂದೇ ಸುಳ್ಳು.
ಇಲ್ಲ, ಎರಡನೆಯದು. ಮೊದಲನೆಯದು ಹೇಳುವಂಥದ್ದಲ್ಲ.

ಈಗ ಅಲ್ಲಿ ಕಾಫಿ ಯಂತ್ರ, ಕುಂಡದಲ್ಲಿ ಜರಿಗಿಡ,
ಇಯರ್‌ಫೋನ್ ಹಾಕಿಕೊಂಡ ಮೌನ.
ಸ್ವಾಗತದ ಗೋಡೆಗೆ ಹಳೆಯ ಡಬ್ಬಿಗಳನ್ನು ಅಂಟಿಸಿದ್ದಾರೆ,
ಎಲ್ಲ ಖಾಲಿ, ಎಲ್ಲ ತೊಳೆದದ್ದು.
ಆದರೂ ತೆಂಕಣ ಗಾಳಿ ಬೀಸಿದ ದಿನ ಗೋಡೆ ಬೆವರುತ್ತದೆ.
ಕಿಟಕಿಯಂಚಿನಲ್ಲಿ ಬೆಕ್ಕುಗಳು ಬಂದು ಕೂರುತ್ತವೆ,
ಮುತ್ತಜ್ಜಿಯರ ಕಾಲದ ಬಾಕಿ ವಸೂಲಿಗೆ ಬಂದವರ ಗತ್ತಿನಲ್ಲಿ.

ಮೂರನೆಯ ಕಿಟಕಿಯ ಮೇಜು ಅಲುಗುತ್ತದಂತೆ.
ಹುಡುಗನೊಬ್ಬ ದೂರು ಬರೆದಿದ್ದಾನೆ, ಎರಡು ಸಲ.
ಕೊನೆಗೆ ತಾನೇ
ದಿನಾ ಬೆಳಿಗ್ಗೆ ಕಾಗದ ಮಡಿಚಿ
ಎಡಗಡೆಯ ಕಾಲಿನಡಿ ತುರುಕುತ್ತಾನೆ.
ಸಂಜೆಯೊಳಗೆ ಅದು ಎಲ್ಲೋ ಜಾರಿರುತ್ತದೆ.