ಎಡಗೈ ಗವಸು

ಇಪ್ಪತ್ತೆರಡು ವರ್ಷ ಟ್ರಾಮು ಓಡಿಸಿದವಳು ನಾನು, ವೆಲ್ಟಾ.
ರೀಗಾದ ಹಿಮದಲ್ಲಿ ಹಳಿ ಮುಚ್ಚಿಹೋದರೂ
ತಿರುವು ಎಲ್ಲಿದೆಯೆಂದು ಅಂಗಾಲಿಗೆ ಗೊತ್ತಿರುತ್ತಿತ್ತು.
ಅಕ್ಟೋಬರಿನ ಒಂದು ಸಂಜೆ
ಕೆಂಪು ದೀಪ ನೋಡಿದೆ. ಕೆಂಪು ಎಂದುಕೊಂಡೆ.
ಕೆಂಪಾದರೆ ಏನು ಮಾಡಬೇಕೆಂಬುದು
ಎಲ್ಲಿಂದಲೋ ನಡೆದು ಬರುತ್ತಿತ್ತು, ಕೈಚೀಲ ಹೊತ್ತ ಮುದುಕಿಯ ಹಾಗೆ,
ನಿಂತು ನಿಂತು.
ಯಾರಿಗೂ ಏನೂ ಆಗಲಿಲ್ಲ.
ಒಬ್ಬ ಹುಡುಗನ ಸೈಕಲ್ಲಿನ ಹಿಂದಿನ ಚಕ್ರ, ಅಷ್ಟೆ.
ಮರುದಿನ ನಾನೇ ಹೋಗಿ ಕೀಲಿ ಕೊಟ್ಟು ಬಂದೆ.

ಡಾಕ್ಟರ್ ಸ್ಪ್ರೋಗಿಸ್ ಹೇಳಿದರು: ನೂರರಿಂದ ಏಳೇಳು ಕಳೆಯುತ್ತ ಬನ್ನಿ.
ತೊಂಬತ್ತಮೂರು.
ಎಂಬತ್ತಾರು.
ಆಮೇಲೆ ಕಿಟಕಿ.
ಕಿಟಕಿಯಾಚೆ ಒಂದು ಕಾಗೆ, ಅದೂ ಏನನ್ನೋ ಮರೆತು ಕೂತಿತ್ತು.
"ದುಃಖವಾಗುತ್ತದೆಯೇ?" ಎಂದರು.
ದುಃಖಪಡಲಿಕ್ಕೂ ಒಂದಿಷ್ಟು ಲೆಕ್ಕ ಬರಬೇಕಲ್ಲ ಡಾಕ್ಟರೇ,
ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ.
ಅಷ್ಟುದ್ದದ ಮಾತು ಬಾಯಿಗೆ ಬರಲಿಲ್ಲ. ತಲೆಯಾಡಿಸಿದೆ.

ಬಿಳಿ ಮಾತ್ರೆ, ಬೆಳಗ್ಗೆ ಒಂದು.
ಮೊದಲ ವಾರ ಹೊಟ್ಟೆ ತೊಳಸಿತು, ನಾಲಿಗೆ ಹಲಗೆಯಾಯಿತು.
ತಂಗಿ ಬಿರುಟಾ ದಿನಾ ಫೋನು ಮಾಡಿ
"ಗುಣ ಕಾಣ್ತಾ? ಇನ್ನೂ ಇಲ್ವಾ?" ಎನ್ನುತ್ತಿದ್ದಳು,
ರೊಟ್ಟಿಯ ಹಿಟ್ಟು ಉಬ್ಬಿತೇ ಎಂದು ಬಟ್ಟೆ ಎತ್ತಿ ಎತ್ತಿ ನೋಡುವವಳ ಹಾಗೆ.
ಆರನೆಯ ವಾರ
ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು,
ಹೇಳದೆ, ಕೇಳದೆ, ಬಾಡಿಗೆ ಬಾಕಿಯಿಟ್ಟು.
ಪ್ರಶ್ನೆಗಳ ಹಾಳೆಯಲ್ಲಿ ನನ್ನ ಅಂಕ ಅರ್ಧಕ್ಕಿಳಿಯಿತು,
ಡಾಕ್ಟರು ನನಗಿಂತ ಹೆಚ್ಚು ಖುಷಿಪಟ್ಟರು.

ಆದರೆ ಹಿಮ ನಿಂತರೂ ಸೂರಿನ ಹನಿ ನಿಲ್ಲಲಿಲ್ಲ.
ಹಾಲು ಸೀದುಹೋಯಿತು, ಎದುರಿಗೇ ನಿಂತಿದ್ದೆ.
ನೆಲಮಾಳಿಗೆಗೆ ಇಳಿದು, ಯಾಕೆ ಇಳಿದೆನೆಂದು
ಆಲೂಗಡ್ಡೆಗಳನ್ನು ಕೇಳಿದೆ.
ಮಿಲ್ಡಾ ಅತ್ತೆಯನ್ನು ಮಣ್ಣು ಮಾಡಿದ ದಿನ
ಎಲ್ಲರೂ ಅತ್ತರು. ನಾನು ಪೆಟ್ಟಿಗೆಯ ಮೊಳೆ ಎಣಿಸಿದೆ,
ಎಂಟು. ಅಥವಾ ಒಂಬತ್ತು.
ಇದು ಕಾಯಿಲೆಯೋ, ಮಾತ್ರೆಯೋ?
ಡಾಕ್ಟರು ಪೆನ್ನಿಗೆ ಟೋಪಿ ಹಾಕಿದರು.
"ಎರಡೂ ಇರಬಹುದು. ಮನಸ್ಸು ಮೊದಲು ಬರುತ್ತದೆ,
ತಲೆ ಹಿಂದಿನ ಗಾಡಿಯಲ್ಲಿ ಬರುತ್ತದೆ."
ನಾನು ಟ್ರಾಮಿನವಳು.
ಹಿಂದಿನ ಗಾಡಿ ಎಷ್ಟೋ ಸಲ ಬರುವುದೇ ಇಲ್ಲ.

ಡಿಪೋದವರು ಒಳ್ಳೆಯವರು, ಕಳೆದ ವಸ್ತುಗಳ ಕೋಣೆಗೆ ಹಾಕಿದರು.
ಕೊಡೆಗಳು, ಒಂದು ಕಟ್ಟುಹಲ್ಲು, ತುತ್ತೂರಿಯ ಬಾಯಿ,
ಬುಟ್ಟಿಗಟ್ಟಲೆ ಒಂಟಿ ಗವಸುಗಳು.
ದಿನಾಂಕ, ಗಾಡಿಯ ನಂಬರು, ವಿವರ: ಮೂರೇ ಕಲಮು.
ಮೊದಮೊದಲು ಒಂದು ಸಾಲು ಬರೆಯಲು ಕಾಲು ಗಂಟೆ.
ವಿವರದ ಕಲಮಿನಲ್ಲಿ "ಕೊಡೆ" ಎಂದು ಬರೆದು
ಕೊಡೆಯನ್ನೂ ಪದವನ್ನೂ ನೋಡುತ್ತಿದ್ದೆ,
ಪರಿಚಯವಿಲ್ಲದ ಗಂಡಹೆಂಡಿರನ್ನು ನೋಡುವಂತೆ.

ಫೆಬ್ರವರಿಯಲ್ಲಿ ಯಾರೋ ಮೇಜಿನ ಮೇಲೆ
ಬೂದು ಗವಸೊಂದನ್ನು ಎಸೆದು ಹೋದರು.
ಬಲಗೈಯದು. ಮಣಿಕಟ್ಟಿಗೆ ಹಸಿರು ಅಂಚು, ಹೆಬ್ಬೆರಳಿಗೆ ತೇಪೆ.
ನನ್ನ ಕೈ ಎದ್ದು
ಮೂರನೆಯ ಗೂಡಿನ ಹಿಂದೆ ಹೋಯಿತು.
ಎಡಗೈಯದು ಅಲ್ಲಿತ್ತು.
ಕ್ರಿಸ್‌ಮಸ್ಸಿಗೆ ಮೊದಲು ಬಂದದ್ದು, ಏಳನೇ ನಂಬರಿನ ಗಾಡಿ,
ಒದ್ದೆ, ಹೊಗೆಯ ವಾಸನೆ.
ಇಷ್ಟನ್ನೂ ಪುಸ್ತಕ ತೆರೆಯದೆ.
ನಾನು ನೆನೆಯಲಿಲ್ಲ. ತಾನಾಗಿ ಬಂತು, ಕರೆದರೆ ಬಾರದ ಬೆಕ್ಕಿನಂತೆ.
ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ.

ಬಿರುಟಾಗೆ ಫೋನು ಮಾಡಿ, "ಗವಸಿಗೆ ಜೋಡಿ ಸಿಕ್ಕಿತು" ಎಂದೆ.
"ನಿನ್ನದಾ?"
"ಅಲ್ಲ."
"ಮತ್ತೆ?"
ಹೇಗೆ ಹೇಳಲಿ.

ಮಾರ್ಚಿನಲ್ಲಿ ಪರೀಕ್ಷೆ: ದೀಪ ಹತ್ತಿದೊಡನೆ ಗುಂಡಿ ಒತ್ತಬೇಕು.
ಕೂದಲೆಳೆಯಷ್ಟು ತಡ.
ರೈವಿಸ್ ಎಂಬ ಹುಡುಗ, ನನ್ನ ಮಗನ ವಯಸ್ಸಿನವ,
ಕಾಗದ ಮಡಚುತ್ತ "ಮೇ ತಿಂಗಳಲ್ಲಿ ಬನ್ನಿ" ಎಂದ.
ಮನೆಗೆ ಟ್ರಾಮಿನಲ್ಲಿ ಬಂದೆ, ಟಿಕೆಟು ಕೊಂಡು, ಮೂರನೆಯ ಸೀಟು.
ಸೇತುವೆಯ ಮುಂಚಿನ ತಿರುವಿನಲ್ಲಿ
ನನ್ನ ಬಲಗಾಲು ನೆಲವನ್ನು ಒತ್ತಿತು,
ಚಾಲಕ ಬ್ರೇಕು ಹಾಕುವುದಕ್ಕೆ ಮೊದಲೇ.
ಯಾರೂ ನೋಡಲಿಲ್ಲ.

ಬಾಗಿಲು ತೆರೆದ ಮೇಲೆ ನೆನಪಾಯಿತು: ಹಾಲು.
ಮತ್ತೆ ಇಳಿದೆ,
ನಾಲ್ಕು ಮಹಡಿ.