ತುಂಬಿದ ಮೇಲೆ ಹೊರಡುವ ಗಾಡಿ

ಕುತಾಯಿಸಿಯಿಂದ ಜೆಸ್ತಾಫೋನಿಗೆ ನನ್ನ ವ್ಯಾನು.
ಹದಿನೆಂಟು ಸೀಟು. ವೇಳಾಪಟ್ಟಿ ಅಂತೇನಿಲ್ಲ,
ತುಂಬಿದ ಮೇಲೆ ಹೊರಡುವುದು.
ತುಂಬುವವರೆಗೆ ಕಾಯುವುದು,
ಅದೇ ನನಗೆ ಸಿಕ್ಕ ಕಾಲೇಜು.

ಸ್ಟಿಯರಿಂಗಿನ ಮೇಲೆ ಗಾಜೊಡೆದ ಫೋನು,
ಅದರಲ್ಲಿ ಯಾವನೋ ಹುಡುಗ, ಮೀಸೆ ಇನ್ನೂ ಬಂದಿಲ್ಲ,
ನನಗೆ ಅರ್ಧ ಮಾತ್ರ ತಿಳಿಯುವ ಭಾಷೆಯಲ್ಲಿ
ಒಂದು ಬಟನ್ನನ್ನು ಪುಟದ ನಡುವೆ ತರುವುದು ಹೇಗೆಂದು ಕಲಿಸುತ್ತಿದ್ದ.
ಮೂರು ದಿನ ಅದು ಎಡಕ್ಕೇ ಅಂಟಿಕೊಂಡಿತ್ತು,
ಕಿಟಕಿ ಪಕ್ಕ ಬಿಟ್ಟು ಏಳೆನೆನ್ನುವ ಮುದುಕಿಯ ಹಾಗೆ.
ನಾಲ್ಕನೆಯ ದಿನ ಸರಿಯಿತು. ಹಾರ್ನ್ ಹೊಡೆದುಬಿಟ್ಟೆ.
ಕೂತಿದ್ದ ಏಳು ಜನ, ಗಾಡಿ ಹೊರಟಿತೆಂದು
ಕಾಲು ಒಳಗೆಳೆದುಕೊಂಡರು.

ನನ್ನವಳು ಇಯಾಮ್ಜೆ ಕೇಳಿದ್ದು ಒಂದೇ ಸಲ:
"ಇದರಿಂದ ಏನಾದರೂ ಬರುತ್ತದಾ?"
ಬರುತ್ತದೆ ಅಂದೆ. ನಲವತ್ಮೂರು ವರ್ಷದ ಗಂಡಸು
ರಾತ್ರಿ ಅಡುಗೆಮನೆ ಮೇಜಿನಲ್ಲಿ ಕೂತು
ಇಲ್ಲದ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ:
ಇಲ್ಲದ ಬೇಕರಿ, ಇಲ್ಲದ ಹೋಟೆಲು,
ಇಲ್ಲದ ಹಲ್ಲಿನ ಡಾಕ್ಟರ ಇಲ್ಲದ ನಗು.

ಮೊದಲ ಗಿರಾಕಿ ಬೊಂದೋ, ಶವಪೆಟ್ಟಿಗೆ ಮಾಡುವವ.
ಎಷ್ಟು ಅಂದ. ನೂರು ಲಾರಿ ಅಂದೆ.
(ನಗಬೇಡಿ, ನಮ್ಮಲ್ಲಿ ಲಾರಿ ಅಂದರೆ ದುಡ್ಡು.
ಸಂಸಾರ ಹೊರುವುದಂತೂ ನಿಜ.)
ಬೊಂದೋ ಕಣ್ಣು ಕಿರಿದು ಮಾಡಿದ.
"ನೂರಕ್ಕೆ ಪೆಟ್ಟಿಗೆ ಕೊಟ್ಟರೆ
ತಳ ಕಳಚುತ್ತದೆಂದು ಊರೆಲ್ಲ ಹೆದರುತ್ತದೆ.
ಅಗ್ಗದವನ ಕೈಗೆ ಯಾರೂ ಅಪ್ಪನನ್ನು ಕೊಡುವುದಿಲ್ಲ, ಮಾಲ್ಖಾಜ್."
ಮುನ್ನೂರು ಕೊಟ್ಟ. ಬೈದುಕೊಂಡೇ ಕೊಟ್ಟ.

ಪುಟ ನೋಡಿ ಮತ್ತೆ ಜಗಳ:
"ಇಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟೆ?
ಇಲ್ಲೊಂದು ದೇವದೂತ ಹಾಕು, ಅಲ್ಲೊಂದು ಗುಲಾಬಿ,
ಮೇಲೆ ನನ್ನ ಫೋಟೋ."
ನಾನೂ ಬಿಡಲಿಲ್ಲ:
"ನೀನು ಮಾರುವುದು ಮರವನ್ನೋ, ಒಳಗಿನ ಖಾಲಿಯನ್ನೋ?"
ತುಸು ಹೊತ್ತು ಸುಮ್ಮನಿದ್ದ.
ತೋಳಿನ ಮರದ ಹೊಟ್ಟು ಕೊಡವಿದ.
"ದೇವದೂತ ಬೇಡ. ಫೋಟೋ ಇರಲಿ," ಅಂದ.

ಅಲ್ಲಿಂದ ಎಲ್ಲ ಸಲೀಸಾಯಿತು ಅಂದರೆ ಸುಳ್ಳು.
ಒಬ್ಬ ಕೆಲಸ ಮಾಡಿಸಿಕೊಂಡು ಮಾಯವಾದ.
ವ್ಯಾನಿನಲ್ಲಾದರೆ ಕಾಸು ಕೊಡದೆ ಇಳಿದವನನ್ನು
ಬೀದಿ ತುಂಬ ಕೂಗಬಹುದಿತ್ತು,
ಇಲ್ಲಿ ಆರಿದ ಪರದೆಯಲ್ಲಿ ನನ್ನದೇ ಮುಖ.
ಒಬ್ಬಳು ನೀಲಿಯನ್ನು ಹದಿನಾಲ್ಕು ಸಲ ಬದಲಿಸಿ
ಮೊದಲನೆಯದೇ ಚೆನ್ನಾಗಿತ್ತು ಅಂದಳು.
ಹದಿನಾಲ್ಕು ನೀಲಿಗೂ ಹಣ ಕೇಳಬೇಕೆಂದು
ನನಗೆ ಹೊಳೆದದ್ದು ಮಾರನೆಯ ವರ್ಷ.

ಆಮೇಲೆ ಬರ್ಗೆನ್ನಿನಿಂದ ಒಂದು ಪತ್ರ.
ದೋಣಿ ರಿಪೇರಿಯವರು. ನಿಮ್ಮ ಬೆಲೆ ತಿಳಿಸಿ, ಅಷ್ಟೇ.
ಒಂದು ಐದು ಬರೆದು ಎರಡು ಸೊನ್ನೆ ಇಟ್ಟೆ.
ಮೂರನೆಯದು ಇಟ್ಟೆ. ಅಳಿಸಿದೆ.
ನೀರು ಕುಡಿದು ಬಂದೆ. ಮತ್ತೆ ಇಟ್ಟೆ.
ನಡುವೆ ಏನೂ ಇಲ್ಲದ ಒಂದು ಬಳೆ,
ಅದಕ್ಕೆ ಇಷ್ಟು ಭಾರ ಎಲ್ಲಿಂದ?
ಎಂಟು ತಿಂಗಳ ಜೆಸ್ತಾಫೋನಿ ಅದರೊಳಗೆ ಕೂತಿತ್ತು,
ಹಿಮ, ಪಂಕ್ಚರು, ಡೀಸೆಲ್ಲು, ಪೊಲೀಸರು ಸಹಿತ.
ಬೊಂದೋನನ್ನು ನೆನೆದು ಕಳಿಸಿದೆ.

ಎರಡು ದಿನ ಉತ್ತರವಿಲ್ಲ.
ಮೂರನೆಯ ಬೆಳಿಗ್ಗೆ: ಸರಿ, ಯಾವಾಗ ಶುರು?
ಚೌಕಾಸಿಯೇ ಇಲ್ಲ.
ಛೆ, ಇನ್ನೂ ಕೇಳಬಹುದಿತ್ತೇನೋ.

ಇಯಾಮ್ಜೆಗೆ ಆಗಲೇ ಹೇಳಲಿಲ್ಲ. ಸ್ಟ್ಯಾಂಡಿಗೆ ಹೋದೆ.
ಒಬ್ಬಳೇ ಅಜ್ಜಿ, ಮಡಿಲಲ್ಲಿ ಈರುಳ್ಳಿ ಚೀಲ.
"ಯಾವಾಗ ಹೊರಡುತ್ತದಪ್ಪ?"
"ಈಗ."
ಹಿಂದೆ ಹದಿನೇಳು ಖಾಲಿ ಸೀಟು
ಹಳ್ಳ ಬಂದಲ್ಲೆಲ್ಲ ಹಗುರಾಗಿ ಕುಲುಕುತ್ತಿದ್ದವು.
ಅರ್ಧ ದಾರಿ ಸುಮ್ಮನಿದ್ದು, ಚೀಲ ಬಿಗಿ ಹಿಡಿದು,
ಅಜ್ಜಿ ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿದಳು:
"ಬಾಡಿಗೆ ನನ್ನೊಬ್ಬಳದ್ದೇ ತಾನೇ?"